ಬೆಳಗಾವಿಯ ಡಿಕ್ಟೇಟರ್

ಡಿಕ್ಟೇಟರನನ್ನು ಪೊಲೀಸರು ಹಿಡಿದು ಸೆರೆಮನೆಗೆ ಅಟ್ಟಿದರೆಂಬ ಸುದ್ದಿಯನ್ನು ಇಂದು ಓದಿದವರು, ಯಾವುದೋ ದೂರದೇಶದಲ್ಲಿ ರಾಜ್ಯಕ್ರಾಂತಿಯಾಯಿತು, ಅಲ್ಲಿಯ ಜನಕ್ಕೆ ಹಿಡಿದಿದ್ದ ಶನಿ ಬಿಟ್ಟಿತು ಎಂದುಕೊಳ್ಳುವುದು ಸಹಜ. ೧೯೩೨ನೆಯ ಇಸವಿಯಲ್ಲಿ ಅಂಥದೇ ಸುದ್ದಿಯನ್ನು ಓದಿದ ನಮ್ಮ ಹಿರಿಯರು ಹಾಗೆ ಎಂದುಕೊಳ್ಳಲಿಲ್ಲ. ಅವರು ಅಂಗಡಿಯ ಬಾಗಿಲು ಹಾಕಿ ಹರತಾಳ ಆಚರಿಸಿದರು. ಸೆರೆಗೆ ಹೊರಟ ಡಿಕ್ಟೇಟರನಿಗೆ ಜಯಕಾರ ಹಾಕಿದರು. ಅವನ ಸ್ಥಾನಕ್ಕೆ ಬಂದ ಮತ್ತೊಬ್ಬ ಡಿಕ್ಟೇಟರನ ಕೊರಳಿಗೆ ಕೈನೂಲಿನ ಹಾರ ತೊಡಿಸಿದರು. ಆ ಡಿಕ್ಟೇಟರನ ಬಳಿ ಸೈನ್ಯವಿರಲಿಲ್ಲ, ಖಜಾನೆಯಿರಲಿಲ್ಲ. ನಾಳೆಯ ರಾತ್ರಿ ತಾನು ಮಲಗುವುದು ಮನೆಯಲ್ಲೋ ಸೆರೆಮನೆಯಲ್ಲೋ ಎಂಬ ನಿಶ್ಚಯವೂ ಇರಲಿಲ್ಲ. ಬೆಳಗಾವಿ ಜಿಲ್ಲೆಯವರಿಗಂತೂ ಈ ಪದದ ಮೇಲೆ ಒಂದು ಬಗೆಯ ಮನೆಯ ಹಕ್ಕೇ ಇತ್ತೆನ್ನಬೇಕು. ಆ ವರ್ಷ ಅಖಿಲ ಭಾರತ ಕಾಂಗ್ರೆಸ್ಸಿನ ಡಿಕ್ಟೇಟರರೆನಿಸಿಕೊಂಡವರ ಸಾಲಿನಲ್ಲಿ ಒಬ್ಬರು ಅವರ ಜಿಲ್ಲೆಯವರೇ ಆಗಿದ್ದರು.

ಎರಡು ಮಹಾಯುದ್ಧಗಳ ನಡುವಣ ಇಪ್ಪತ್ತು ವರ್ಷಗಳಲ್ಲಿ ವೃತ್ತಪತ್ರಿಕೆಗಳು ಈ ಒಂದು ಇಂಗ್ಲಿಷ್ ಪದವನ್ನು ನಡೆಸಿಕೊಂಡ ರೀತಿ ಬಹು ವಿಚಿತ್ರವಾದುದು. ಅದನ್ನು ಅರಿಯದೆ ಆ ಕಾಲದ ಹಳೆಯ ಪತ್ರಿಕೆಗಳನ್ನು ಬಿಡಿಸಿ ಕೂತವರು ದಾರಿತಪ್ಪುವುದು ನಿಶ್ಚಯ.

ಈ ಕಥೆಯನ್ನು ಹೇಳಲು ಕುಡಚಿಯಂಥ ಊರು ಒಳ್ಳೆಯ ನೆಲೆ. ಮೀರಜದಿಂದ ಬೆಳಗಾವಿಗೆ ಬರುವ ರೈಲು ಶೇಡಬಾಳ, ಉಗಾರಗಳನ್ನು ಹಿಂದೆ ಹಾಕಿ, ಕೃಷ್ಣಾ ನದಿಯ ಸೇತುವೆಯನ್ನು ಹಾಯ್ದು ಬಂದು ನಿಲ್ಲುವ ನಿಲ್ದಾಣವದು. ಆಗ ಅದು ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆಯ ಮೀಟರ್‌ಗೇಜ್ ಹಾದಿ. ಪುಣೆಯಿಂದ ಬೆಳಗಾವಿಯ ಕಡೆಗೆ ಬರುವ ಪತ್ರಿಕೆಗಳ ಕಟ್ಟುಗಳಿಗೂ ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳಿಂದ ಉತ್ತರಕ್ಕೆ ಹೊರಡುವ ಕಟ್ಟುಗಳಿಗೂ ಇದೇ ಹೆದ್ದಾರಿ. ಪುಣೆಯಲ್ಲಿ ತಿಲಕರ ಕಾಲದಿಂದ ನಡೆದು ಬಂದ ‘ಕೇಸರಿ’ ಇತ್ತು. ೧೯೩೨ರ ಜನವರಿ ೧ರಂದೇ ಹುಟ್ಟಿದ ‘ಸಕಾಳ’ ಇತ್ತು. ಕನ್ನಡದ ಪಾಲಿಗೆ, ೧೯೨೧ರಲ್ಲಿ ರಂಗನಾಥ ದಿವಾಕರರು ಧಾರವಾಡದಲ್ಲಿ ಆರಂಭಿಸಿದ ‘ಕರ್ಮವೀರ’ ಇತ್ತು. ಬೆಳಗಾವಿಯಲ್ಲಿ ಹುಟ್ಟಿ ಮುಂದೆ ಹುಬ್ಬಳ್ಳಿಗೆ ನೆಲೆ ಬದಲಿಸಿದ ‘ಸಂಯುಕ್ತ ಕರ್ನಾಟಕ’ವಿತ್ತು. ಪೇಟೆಯಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಕಿವಿಗೆ ಬೀಳುವ ಊರಿದು. ಸುತ್ತಣ ಸೀಮೆಯೋ ತೇಪೆ ಹಾಕಿದ ಕೌದಿಯಂತಿತ್ತು. ಅಥಣಿ, ಚಿಕ್ಕೋಡಿ ತಾಲೂಕುಗಳು ಬ್ರಿಟಿಷರ ಬೆಳಗಾವಿ ಜಿಲ್ಲೆಗೆ ಸೇರಿದ್ದರೆ, ರಾಯಬಾಗ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು. ಮೀರಜ, ಸಾಂಗಲಿ, ಕುರುಂದವಾಡ, ಜಮಖಂಡಿಗಳ ಒಡೆಯರು ಬೇರೆ ಬೇರೆ. ವೈಸರಾಯರ ಸುಗ್ರೀವಾಜ್ಞೆ ಬ್ರಿಟಿಷ್ ಮುಲ್ಕಿನ ಕಾಯಿದೆ. ಸಂಸ್ಥಾನದ ಗಡಿಯೊಳಗೆ ಅದು ತಾನಾಗಿಯೇ ಕಾಲಿಡುವಂತಿರಲಿಲ್ಲ. ಹೀಗಾಗಿ ಒಂದೇ ರೈಲಿನಲ್ಲಿ ಕುಳಿತು ಒಂದೇ ಪತ್ರಿಕೆಯನ್ನು ಓದುತ್ತಿದ್ದ ಪ್ರಯಾಣಿಕ ಅರ್ಧ ದಿನದಲ್ಲಿ ಮೂರು ನಾಲ್ಕು ಅಧಿಕಾರಗಳ ಕೆಳಗೆ ಹಾದುಹೋಗುತ್ತಿದ್ದ. ಅಧಿಕಾರವೆಂದರೇನು, ಅದು ಯಾರದು, ಎಲ್ಲಿಯವರೆಗೆ ಎಂಬ ಪ್ರಶ್ನೆಗಳು ಅವನಿಗೆ ಪುಸ್ತಕದ ಪ್ರಶ್ನೆಗಳಾಗಿರಲಿಲ್ಲ.

ಆ ಪ್ರಯಾಣಿಕನ ಕೈಯಲ್ಲಿದ್ದ ಪತ್ರಿಕೆಯಲ್ಲಿ ಇಟಲಿಯ ಡಿಕ್ಟೇಟರ್ ಮುಸೊಲಿನಿಯ ಸುದ್ದಿಯೂ ಇರುತ್ತಿತ್ತು, ಕಾಂಗ್ರೆಸ್ ಡಿಕ್ಟೇಟರರು ಬಂಧಿತರಾದ ಸುದ್ದಿಯೂ ಇರುತ್ತಿತ್ತು. ಒಬ್ಬ ಜನರನ್ನು ಸೆರೆಗೆ ಹಾಕುವವ. ಇನ್ನೊಬ್ಬ ತಾನೇ ಸೆರೆಗೆ ಹೋಗುವವ. ಇಬ್ಬರಿಗೂ ಒಂದೇ ಹೆಸರು!

ನೇಗಿಲ ಬಿಟ್ಟು ಬಂದವನು

ಪದದ ಮೂಲ ರೋಮಿನದು. ‘ಡಿಕ್ತಾರೆ’ ಎಂದರೆ ಒತ್ತಿ ಹೇಳು, ಹೇಳಿ ಬರೆಯಿಸು ಎಂದು ಅರ್ಥ. ಶಾಲೆಯಲ್ಲಿ ಮಾಸ್ತರರು ಬೆತ್ತ ಹಿಡಿದು ಬರೆಯಿಸುವ ಡಿಕ್ಟೇಶನ್ನೂ ಇದೇ ಬೇರಿನದು. ಆ ಗಳಿಗೆಯಲ್ಲಿ ಹುಡುಗರ ಪಾಲಿಗೆ ಎರಡು ಪದಗಳ ನಡುವೆ ಹೆಚ್ಚಿನ ಅಂತರ ತೋರದಿದ್ದರೆ ಆಶ್ಚರ್ಯವಿಲ್ಲ. ರೋಮಿನ ಗಣರಾಜ್ಯದಲ್ಲಿ ಶತ್ರುಗಳ ಹಾವಳಿ ಮಿತಿಮೀರಿದಾಗ ಎಲ್ಲ ಅಧಿಕಾರವನ್ನೂ ಒಬ್ಬನ ಕೈಗೆ ಕೊಡುತ್ತಿದ್ದರು. ಅವನೇ ಡಿಕ್ಟೇಟರ್. ಅವಧಿ ಹೆಚ್ಚೆಂದರೆ ಆರು ತಿಂಗಳು. ಕ್ರಿಸ್ತಪೂರ್ವ ೪೫೮ರಲ್ಲಿ ಹೊಲ ಉಳುತ್ತಿದ್ದ ಸಿನ್ಸಿನಾಟಸನೆಂಬವನನ್ನು ಕರೆದು ಈ ಪದವಿ ಕೊಟ್ಟರೆಂದೂ, ಅವನು ಯುದ್ಧವನ್ನು ಗೆದ್ದು ಹದಿನಾರನೆಯ ದಿನವೇ ಅಧಿಕಾರ ಬಿಟ್ಟು ನೇಗಿಲಿಗೆ ಮರಳಿದನೆಂದೂ ರೋಮನ್ನರ ಪುರಾಣಪ್ರಾಯವಾದ ಇತಿಹಾಸ ಹೇಳುತ್ತದೆ. ಪದವಿಯ ಮಾನ ಕೆಟ್ಟದ್ದು ಬಹಳ ತಡವಾಗಿ. ಕ್ರಿಸ್ತಪೂರ್ವ ೪೪ರಲ್ಲಿ ಜೂಲಿಯಸ್ ಸೀಸರನು ಆಜೀವ ಡಿಕ್ಟೇಟರನಾದನು. ಕೆಲವೇ ವಾರಗಳಲ್ಲಿ ಕೊಲೆಯಾದನು. ಆಮೇಲೆ ಮಾರ್ಕ್ ಆಂಟನಿಯು ಕಾಯಿದೆ ಮಾಡಿ ಆ ಪದವಿಯನ್ನೇ ತೆಗೆದುಹಾಕಿದನು.

ಇಂಗ್ಲಿಷ್ ಕಲಿತ ನಮ್ಮ ಹಿಂದಿನ ತಲೆಮಾರಿನ ವಕೀಲರೂ ಮಾಸ್ತರರೂ ಈ ರೋಮನ್ ಕಥೆಯನ್ನು ಶಾಲೆಯಲ್ಲೇ ಓದಿ ಬಂದವರು. ಅದಕ್ಕಿಂತ ಹತ್ತಿರದ ಮಾದರಿಯೂ ಅವರಿಗಿತ್ತು. ೧೮೬೦ರಲ್ಲಿ ಸಾವಿರದಷ್ಟು ಕೆಂಪಂಗಿಯ ಸ್ವಯಂಸೇವಕರೊಡನೆ ಸಿಸಿಲಿಯಲ್ಲಿಳಿದ ಗರಿಬಾಲ್ಡಿಯು ತನ್ನನ್ನು ಕರೆದುಕೊಂಡದ್ದು ಸಿಸಿಲಿಯ ಡಿಕ್ಟೇಟರ್ ಎಂದೇ. ಗೆದ್ದ ನಾಡನ್ನು ಇಟಲಿಯ ಅರಸನ ಕೈಗೊಪ್ಪಿಸಿ ಅವನು ತನ್ನ ಕಪ್ರೆರಾ ದ್ವೀಪದ ಬೇಸಾಯಕ್ಕೆ ಹಿಂತಿರುಗಿದನು. ಲಾಲಾ ಲಜಪತರಾಯರು ಉರ್ದುವಿನಲ್ಲಿ ಗರಿಬಾಲ್ಡಿಯ ಚರಿತ್ರೆಯನ್ನು ಬರೆದರು. ಮ್ಯಾಝಿನಿ, ಗರಿಬಾಲ್ಡಿಗಳ ಹೆಸರು ಭಾರತದ ತರುಣರ ನಾಲಿಗೆಯ ಮೇಲೆ ಆಡಿತು. ಡಿಕ್ಟೇಟರನೆಂದರೆ ಆಪತ್ಕಾಲಕ್ಕೆ ಒದಗುವವನು, ಕೆಲಸ ಮುಗಿದೊಡನೆ ಮನೆಗೆ ಹೋಗುವವನು ಎಂಬ ಭಾವನೆ ಅವರಲ್ಲಿ ಹೀಗೆ ಬೇರೂರಿತು.

ಮೊದಲನೆಯ ಮಹಾಯುದ್ಧ ಈ ಪದವನ್ನು ಪತ್ರಿಕೆಗಳ ದಿನಬಳಕೆಗೆ ಇಳಿಸಿತು. ೧೯೧೭ರಲ್ಲಿ ಅಮೆರಿಕದ ಆಹಾರಧಾನ್ಯಗಳ ಆಡಳಿತಕ್ಕೆ ನೇಮಕವಾದ ಹರ್ಬರ್ಟ್ ಹೂವರರನ್ನು ಅಲ್ಲಿಯ ಪತ್ರಿಕೆಗಳು ‘ಫುಡ್ ಡಿಕ್ಟೇಟರ್’ ಎಂದು ಕರೆದುವು. ಬೈಗುಳಾಗಿ ಅಲ್ಲ, ಕೈಯಲ್ಲಿ ಅಧಿಕಾರವಿದ್ದು ಕೆಲಸ ಮಾಡಿಸಬಲ್ಲವರೆಂಬ ಅರ್ಥದಲ್ಲಿ. ಯುದ್ಧವಾದ ಮೇಲೆ ಪದ ಇನ್ನೂ ಸಸ್ತಾ ಆಯಿತು. ಅಮೆರಿಕದ ಸ್ಟೂಡಿಬೇಕರ್ ಕಂಪನಿಯು ೧೯೨೭ರಲ್ಲಿ ಹೊರತಂದ ಒಂದು ಮೋಟಾರು ಕಾರಿಗೆ ‘ಡಿಕ್ಟೇಟರ್’ ಎಂದೇ ಹೆಸರಿಟ್ಟಿತು. ಆ ಕಂಪನಿಯ ಕಾರುಗಳಲ್ಲಿ ‘ಪ್ರೆಸಿಡೆಂಟ್’ ಮೇಲಿನದು, ‘ಕಮಾಂಡರ್’ ನಡುವಿನದು, ‘ಡಿಕ್ಟೇಟರ್’ ಎಲ್ಲಕ್ಕಿಂತ ಅಗ್ಗದ್ದು! ೧೯೩೩ರಲ್ಲಿ ಪತ್ರಿಕೋದ್ಯಮಿ ಹರ್ಸ್ಟ್ ಬೆಂಬಲಿಸಿದ ಒಂದು ಚಲಚ್ಚಿತ್ರದಲ್ಲಿ ಅಮೆರಿಕದ ಅಧ್ಯಕ್ಷನೇ ಸರ್ವಾಧಿಕಾರ ವಹಿಸಿಕೊಂಡು ದೇಶದ ಸಂಕಟವನ್ನೆಲ್ಲ ಪರಿಹರಿಸುತ್ತಾನೆ. ಅವನು ಅದರಲ್ಲಿ ಖಳನಲ್ಲ, ನಾಯಕ. ಬ್ಯಾಂಕುಗಳು ಮುಳುಗಿ, ಕೆಲಸವಿಲ್ಲದವರು ಬೀದಿಯಲ್ಲಿ ಸಾಲುಗಟ್ಟಿ ನಿಂತಿದ್ದ ಆ ದಿನಗಳಲ್ಲಿ ಪ್ರಜಾಪ್ರಭುತ್ವದ ತವರುಮನೆಯೆನಿಸಿದ ದೇಶದಲ್ಲೂ ಆ ಪದಕ್ಕೆ ಆಕರ್ಷಣೆಯಿತ್ತು. ನಮ್ಮವರು ಮಾತ್ರ ಅದನ್ನು ಬಳಸಿದರೆಂದು ಯಾರೂ ನಾಚಬೇಕಾಗಿಲ್ಲ.

ಸಭೆ ಸೇರಿದರೆ ಅಪರಾಧ

ಭಾರತದಲ್ಲಿ ಈ ಪದ ಕಾಂಗ್ರೆಸ್ಸಿಗೆ ಅಂಟಿಕೊಂಡದ್ದು ೧೯೨೧ರಲ್ಲಿ. ಆ ವರ್ಷದ ಡಿಸೆಂಬರಿನ ಅಹಮದಾಬಾದ್ ಅಧಿವೇಶನಕ್ಕೆ ಚುನಾಯಿತ ಅಧ್ಯಕ್ಷರಾಗಿದ್ದ ದೇಶಬಂಧು ಚಿತ್ತರಂಜನ ದಾಸರು ಸೆರೆಮನೆಯಲ್ಲಿದ್ದರು. ಅವರ ಬದಲು ಹಕೀಮ್ ಅಜ್ಮಲ್ ಖಾನರು ಅಧ್ಯಕ್ಷತೆ ವಹಿಸಿದರು. ಉಳಿದ ನಾಯಕರೂ ಯಾವ ಗಳಿಗೆಯಲ್ಲಾದರೂ ಬಂಧಿತರಾಗಬಹುದಿತ್ತು. ಆದುದರಿಂದ ಅಧಿವೇಶನವು ಗಾಂಧೀಜಿಯವರೊಬ್ಬರಿಗೇ ಕಾರ್ಯನಿರ್ವಾಹಕ ಅಧಿಕಾರವನ್ನೆಲ್ಲ ವಹಿಸಿ, ಅವರು ಬಂಧಿತರಾದರೆ ತಮ್ಮ ಉತ್ತರಾಧಿಕಾರಿಯನ್ನು ತಾವೇ ನೇಮಿಸಬಹುದೆಂದು ಗೊತ್ತುಮಾಡಿತು. ಠರಾವಿನ ಉದ್ದವಾದ ಮಾತುಗಳು ಪತ್ರಿಕೆಯ ತಲೆಬರಹಕ್ಕೆ ಹಿಡಿಸುತ್ತವೆಯೆ? ಡಿಕ್ಟೇಟರ್ ಎಂಬ ಒಂದು ಪದ ಹಿಡಿಸಿತು.

ಆ ವ್ಯವಸ್ಥೆ ಪೂರ್ಣರೂಪ ತಾಳಿದ್ದು ಹತ್ತು ವರ್ಷಗಳ ಮೇಲೆ. ದುಂಡುಮೇಜಿನ ಪರಿಷತ್ತಿನಿಂದ ಬರಿಗೈಲಿ ಹಿಂತಿರುಗಿದ ಗಾಂಧೀಜಿಯವರನ್ನೂ ಕಾಂಗ್ರೆಸ್ ಅಧ್ಯಕ್ಷರಾಗಿದ್ದ ವಲ್ಲಭಭಾಯಿ ಪಟೇಲರನ್ನೂ ಸರಕಾರ ೧೯೩೨ರ ಜನವರಿ ೪ರಂದು ಬಂಧಿಸಿತು. ಅದೇ ದಿನ ನಾಲ್ಕು ಸುಗ್ರೀವಾಜ್ಞೆಗಳು ಹೊರಟುವು. ಕಾಂಗ್ರೆಸ್ ಸಮಿತಿಗಳು ಒಂದರ ಮೇಲೊಂದರಂತೆ ಕಾನೂನುಬಾಹಿರ ಸಂಸ್ಥೆಗಳೆನಿಸಿದುವು. ಇದರ ಪರಿಣಾಮವನ್ನು ಸ್ವಲ್ಪ ನಿಧಾನವಾಗಿ ಆಲೋಚಿಸಬೇಕು. ಒಂದು ಸಮಿತಿಯಲ್ಲಿ ಹದಿನೈದು ಜನರಿದ್ದಾರೆಂದುಕೊಳ್ಳಿ. ಒಂದು ನಿರ್ಣಯ ಮಾಡಬೇಕಾದರೆ ಅವರು ಒಂದೆಡೆ ಸೇರಬೇಕು. ಸೇರಿದರೆ ಅದೇ ಅಪರಾಧ. ಪೊಲೀಸರಿಗೆ ಹದಿನೈದು ಮನೆಗಳನ್ನು ಹುಡುಕುವ ಶ್ರಮ ತಪ್ಪಿ ಒಂದೇ ಬಾಗಿಲಲ್ಲಿ ಹದಿನೈದೂ ಜನ ಸಿಕ್ಕುತ್ತಾರೆ. ಇದಕ್ಕೆ ಕಾಂಗ್ರೆಸ್ಸಿನವರು ಕಂಡುಕೊಂಡ ಉಪಾಯವೆಂದರೆ ಸಮಿತಿಯನ್ನೇ ಒಬ್ಬ ಮನುಷ್ಯನಲ್ಲಿ ಅಡಗಿಸಿಡುವುದು. ಸಮಿತಿಯ ಅಧಿಕಾರವೆಲ್ಲ ಒಬ್ಬನದು. ಅವನು ಸೆರೆಗೆ ಹೋಗುವ ಮೊದಲು ಮುಂದಿನವನನ್ನು ಹೆಸರಿಸಬೇಕು; ಆ ಮುಂದಿನವನು ಅವನ ಮುಂದಿನವನನ್ನು. ಪ್ರಾಂತಕ್ಕೊಬ್ಬ, ಜಿಲ್ಲೆಗೊಬ್ಬ, ಕೆಲವೆಡೆ ತಾಲೂಕಿಗೊಬ್ಬ. ಇವರೇ ಪತ್ರಿಕೆಯ ಭಾಷೆಯಲ್ಲಿ ಮೊದಲನೆಯ, ಎರಡನೆಯ, ಮೂರನೆಯ ಡಿಕ್ಟೇಟರರು. ಪದವಿ ಬಂದಿತೆಂದರೆ ಬೆಡ್ಡಿಂಗು ಕಟ್ಟಿ ಬಾಗಿಲ ಬಳಿ ಇಟ್ಟುಕೊಳ್ಳಬೇಕೆಂದೇ ಅರ್ಥ. ಮುಳ್ಳಿನ ರುಮಾಲೆಂದು ಇದನ್ನು ಕರೆಯಬಹುದು. ತಲೆಗೆ ಸುತ್ತಿಕೊಳ್ಳಲು ಸರದಿಯಲ್ಲಿ ಜನ ನಿಂತಿದ್ದರೆಂಬುದೇ ಆ ಕಾಲದ ಸೋಜಿಗ.

ಅಖಿಲ ಭಾರತ ಮಟ್ಟದಲ್ಲೂ ಇದೇ ಏರ್ಪಾಟು. ವಲ್ಲಭಭಾಯಿಯವರ ತರುವಾಯ ಒಬ್ಬರಾದ ಮೇಲೊಬ್ಬರಂತೆ ಬಾಬು ರಾಜೇಂದ್ರಪ್ರಸಾದ್, ಡಾಕ್ಟರ್ ಅನ್ಸಾರಿ, ಸರದಾರ ಶಾರ್ದೂಲಸಿಂಗ್ ಕವೀಶ್ವರ್, ಗಂಗಾಧರರಾವ ದೇಶಪಾಂಡೆ, ಡಾಕ್ಟರ್ ಕಿಚಲೂ, ರಾಜಗೋಪಾಲಾಚಾರ್ಯ ಮೊದಲಾದವರು ಈ ಹೊಣೆ ಹೊತ್ತರು. ಬಿಹಾರ, ದಿಲ್ಲಿ, ಪಂಜಾಬ, ತಮಿಳುನಾಡುಗಳ ನಡುವೆ ಈ ಸಾಲಿನಲ್ಲಿ ಕರ್ನಾಟಕದ ಒಂದು ಹೆಸರು ನಿಂತಿರುವುದನ್ನು ಗಮನಿಸಬೇಕು.

ಗಂಗಾಧರರಾವ ದೇಶಪಾಂಡೆಯವರು ಹುಟ್ಟಿದ್ದು ೧೮೭೧ರಲ್ಲಿ, ಬೆಳಗಾವಿಗೆ ಸಮೀಪದ ಹುದಲಿಯಲ್ಲಿ. ಮೊದಲು ತಿಲಕರ ಬಲಗೈ. ಆಮೇಲೆ ಗಾಂಧೀಜಿಯವರ ಅನುಯಾಯಿ. ಜನ ಅವರನ್ನು ಕರ್ನಾಟಕ ಕೇಸರಿಯೆಂದರು, ಖಾದಿಯ ಭಗೀರಥನೆಂದೂ ಕರೆದರು. ಗಾಂಧೀಜಿಯವರು ತಮ್ಮ ಜೀವಮಾನದಲ್ಲಿ ಅಧ್ಯಕ್ಷರಾದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ, ೧೯೨೪ರ ಡಿಸೆಂಬರಿನ ಬೆಳಗಾವಿ ಅಧಿವೇಶನ, ಇವರ ಸ್ವಾಗತಾಧ್ಯಕ್ಷತೆಯಲ್ಲಿ ನಡೆಯಿತು. ಪುಣೆ ಮೀರಜಗಳ ಮಾರ್ಗವಾಗಿ ಬಂದ ಪ್ರತಿನಿಧಿಗಳ ಗಾಡಿಗಳು ಕುಡಚಿಯನ್ನು ಹಾದುಹೋದುದು ಆಗಲೇ. ಆಗ ಸ್ವಾಗತಾಧ್ಯಕ್ಷರಾಗಿದ್ದವರು ಎಂಟು ವರ್ಷಗಳಾಗುವಷ್ಟರಲ್ಲಿ ದೇಶದ ಡಿಕ್ಟೇಟರರಾದರು. ಅರವತ್ತು ದಾಟಿದ ವಯಸ್ಸು. ಆಳಲು ಕೈಯಲ್ಲಿ ಒಂದು ಹಳ್ಳಿಯೂ ಇರಲಿಲ್ಲ.

ಅಹಿಂಸೆಗೆ ರಣಭಾಷೆ

ಸಾತ್ತ್ವಿಕವಾದ ಚಳವಳಿಗೆ ಇಂಥ ಬಿರುಸಾದ ಪದವನ್ನೇಕೆ ಆರಿಸಿಕೊಂಡರು? ಮಹಾಯುದ್ಧ ಮುಗಿದು ಬಹಳ ಕಾಲವಾಗಿರಲಿಲ್ಲ. ನಾಲ್ಕು ವರ್ಷಗಳ ಯುದ್ಧವಾರ್ತೆ ಓದಿ ಬೆಳೆದ ಪತ್ರಕರ್ತರ ಲೇಖನಿಗೆ ಸೈನ್ಯದ ಪದಗಳೇ ಬಾ ಎಂದರೆ ಬರುತ್ತಿದ್ದುವು. ೧೯೩೦ರ ಉಪ್ಪಿನ ಸತ್ಯಾಗ್ರಹದ ವೇಳೆಗೆ ಪ್ರಾಂತಗಳಲ್ಲಿ ‘ವಾರ್ ಕೌನ್ಸಿಲ್’ಗಳಿದ್ದುವು, ಸತ್ಯಾಗ್ರಹಿಗಳು ಶಿಬಿರಗಳಲ್ಲಿ ಇಳಿಯುತ್ತಿದ್ದರು, ತಂಡ ತಂಡವಾಗಿ ‘ಮಾರ್ಚ್’ ಮಾಡುತ್ತಿದ್ದರು. ನಮ್ಮವರೇ ಆದ ಡಾಕ್ಟರ್ ನಾರಾಯಣ ಸುಬ್ಬರಾವ ಹರ್ಡೀಕರರು ೧೯೨೩ರಲ್ಲಿ ಹಿಂದೂಸ್ತಾನೀ ಸೇವಾದಳವನ್ನು ಕಟ್ಟಿ, ಹುಬ್ಬಳ್ಳಿಯಿಂದ ನಡೆಸಿದ ಇಂಗ್ಲಿಷ್ ಮಾಸಪತ್ರಿಕೆಯ ಹೆಸರು ‘ವಾಲಂಟಿಯರ್’. ಅಮೆರಿಕದಲ್ಲಿ ಓದುತ್ತಿದ್ದಾಗ ಅವರು ಲಜಪತರಾಯರೊಡನೆ ದುಡಿದವರು. ಗರಿಬಾಲ್ಡಿಯ ಸ್ವಯಂಸೇವಕರ ಕಥೆ ಅವರ ಬಳಗಕ್ಕೆ ಮನೆಮಾತು. ಖಾದಿಯ ಸಮವಸ್ತ್ರ ತೊಟ್ಟು ಕವಾಯತು ಮಾಡುವ ಈ ದಳವನ್ನು ಕಂಡು ಕಾಂಗ್ರೆಸ್ಸಿನೊಳಗೇ ಕೆಲವರು ಮೂಗು ಮುರಿದದ್ದುಂಟು. ಹರ್ಡೀಕರರಿಗೆ ಬೇಕಾಗಿದ್ದುದು ಶಿಸ್ತು, ಬಂದೂಕಲ್ಲ. ಆದರೂ ಕೇಳುವ ಕಿವಿಗೆ ವಾಲಂಟಿಯರ್, ಕ್ಯಾಪ್ಟನ್, ಡಿಕ್ಟೇಟರ್ ಎಲ್ಲವೂ ಒಂದೇ ರಣವಾದ್ಯದ ಸ್ವರಗಳಾಗಿದ್ದುವು. ಕೈಯಲ್ಲಿ ಆಯುಧವಿಲ್ಲದವನಿಗೆ ಬಾಯಲ್ಲಾದರೂ ವೀರಭಾಷೆ ಬೇಕೆನಿಸುವುದು ಮನುಷ್ಯಸ್ವಭಾವ.

ಇನ್ನು ಕನ್ನಡದ ಮಾತು. ಡಿಕ್ಟೇಟರನಿಗೆ ಕನ್ನಡ ಪತ್ರಕರ್ತರು ಹಿಡಿದ ಪದ ‘ಸರ್ವಾಧಿಕಾರಿ’. ಇದು ಆಗ ಕುಟ್ಟಿ ಮಾಡಿದ ಹೊಸ ಪದವಲ್ಲ. ನಮ್ಮ ಶಿಲಾಶಾಸನಗಳಲ್ಲೇ ಇರುವ ಮರ್ಯಾದೆಯ ಬಿರುದು. ಶ್ರವಣಬೆಳಗೊಳದಲ್ಲಿ ೧೧೫೯ರ ಸುಮಾರಿಗೆ ಭಂಡಾರಿ ಬಸದಿಯನ್ನು ಕಟ್ಟಿಸಿದ ಹೊಯ್ಸಳರ ಹುಳ್ಳರಾಜನನ್ನು ಶಾಸನಗಳು ಮಹಾಪ್ರಧಾನ, ಸರ್ವಾಧಿಕಾರಿ, ಹಿರಿಯ ಭಂಡಾರಿ ಎಂದು ಹೊಗಳುತ್ತವೆ. ಅಲ್ಲಿ ಸರ್ವಾಧಿಕಾರಿಯೆಂದರೆ ಅರಸನ ನಂಬುಗೆಯ ಮಂತ್ರಿ, ಎಲ್ಲ ಕಾರ್ಯಗಳ ಮೇಲ್ವಿಚಾರಕ. ಅವನ ತಲೆಯ ಮೇಲೆ ಅರಸನಿದ್ದಾನೆ, ಅರಸನ ತಲೆಯ ಮೇಲೆ ಧರ್ಮವಿದೆ. ಬಂಗಾಳದಲ್ಲಂತೂ ‘ಸರ್ವಾಧಿಕಾರಿ’ ಇಂದಿಗೂ ಮನೆತನದ ಹೆಸರು. ಸರ್ ದೇವಪ್ರಸಾದ ಸರ್ವಾಧಿಕಾರಿಯವರು ೧೯೧೪ರಿಂದ ೧೯೧೮ರವರೆಗೆ ಕಲ್ಕತ್ತಾ ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದರು. ಮೈಸೂರಿನಲ್ಲಿ ಮಾತ್ರ ಹದಿನೆಂಟನೆಯ ಶತಮಾನದ ಹೊತ್ತಿಗೆ ಪದಕ್ಕೆ ಸ್ವಲ್ಪ ಹುಳಿ ಹತ್ತಿತ್ತು. ಸರ್ವಾಧಿಕಾರಿ ಕರಾಚೂರಿ ನಂಜರಾಜಯ್ಯನ ಕಾಲದಲ್ಲಿ ಇಮ್ಮಡಿ ಕೃಷ್ಣರಾಜ ಒಡೆಯರು ಹೆಸರಿಗೆ ಮಾತ್ರ ಅರಸರಾಗಿದ್ದರು. ೧೭೬೧ರಲ್ಲಿ ಹೈದರನು ಬಂದು ಅರಸನನ್ನೂ ಸರ್ವಾಧಿಕಾರಿಯನ್ನೂ ಬದಿಗೆ ಸರಿಸಿದನು.

ಹೀಗೆ ಇಂಗ್ಲಿಷಿನ ಡಿಕ್ಟೇಟರನೂ ಕನ್ನಡದ ಸರ್ವಾಧಿಕಾರಿಯೂ ಇಬ್ಬರೂ ಕುಲೀನರಾಗಿಯೇ ೧೯೩೦ರ ಪತ್ರಿಕೆಗಳಲ್ಲಿ ಭೇಟಿಯಾದರು. ಪದವನ್ನು ಆರಿಸಿದ ಉಪಸಂಪಾದಕರನ್ನು ತಪ್ಪಿಗೆ ಹಿಡಿಯುವ ಕಾರಣ ನನಗೆ ಕಾಣದು. ತಂತಿಯಲ್ಲಿ ಬಂದ ವಾರ್ತೆಯನ್ನು ಮುದ್ರಣಕ್ಕೆ ಕೊಡುವ ಅವಸರದಲ್ಲಿ, ದಂಡ ಕಟ್ಟಬೇಕಾದೀತೆಂಬ ಭಯದ ನಡುವೆ, ಅವರು ಒಳ್ಳೆಯ ಪದವನ್ನೇ ಕಂಡುಕೊಂಡರು. ದಂಡದ ಭಯ ಬರಿಯ ಮಾತಲ್ಲ. ೧೯೩೦ರ ಪತ್ರಿಕಾ ಸುಗ್ರೀವಾಜ್ಞೆ, ೧೯೩೧ರ ಪತ್ರಿಕಾ ಕಾಯಿದೆಗಳು ಅಚ್ಚುಕೂಟದವರಿಂದ ಜಾಮೀನು ಹಣ ಕೇಳುವ, ಅದನ್ನು ಮುಟ್ಟುಗೋಲು ಹಾಕಿಕೊಳ್ಳುವ ಅಧಿಕಾರವನ್ನು ಸರಕಾರಕ್ಕೆ ಕೊಟ್ಟಿದ್ದುವು. ಸತ್ಯಾಗ್ರಹಕ್ಕೆ ಬನ್ನಿರೆಂದು ಬರೆದರೆ ಪತ್ರಿಕೆಗೆ ಕುತ್ತು. ಆದರೆ ಇಂಥ ಸರ್ವಾಧಿಕಾರಿಗಳು ಬಂಧಿತರಾದರು, ಇಂಥವರು ಅವರ ಸ್ಥಾನಕ್ಕೆ ಬಂದರು ಎಂಬುದು ಬರಿಯ ವರ್ತಮಾನ. ಆ ಎರಡು ಸಾಲಿನಲ್ಲಿ ಓದುಗನಿಗೆ ಬೇಕಾದುದೆಲ್ಲ ಇತ್ತು: ಚಳವಳಿ ಸತ್ತಿಲ್ಲ, ಮುಂದಿನವರು ಸಿದ್ಧರಿದ್ದಾರೆ.

ಪಕ್ಕದ ಭಾಷೆಗಳು ಈ ಗೊಂದಲದಿಂದ ಪಾರಾದ ಬಗೆಯೂ ನೋಡತಕ್ಕದ್ದೆ. ಮರಾಠಿಯಲ್ಲಿ ಯುರೋಪಿನ ಡಿಕ್ಟೇಟರನಿಗೆ ‘ಹುಕೂಮಶಹಾ’ ಎಂಬ ಬೇರೆ ಪದವೇ ನಿಂತಿತು. ಹಿಂದಿಯವರು ‘ತಾನಾಶಾಹ’ ಎಂದರು. ಗೋಲ್ಕೊಂಡದ ಕೊನೆಯ ಸುಲ್ತಾನ ಅಬುಲ್ ಹಸನನಿಗಿದ್ದ ತಾನಾಶಾಹನೆಂಬ ಹೆಸರೇ ಇದಾಯಿತೆಂದು ಜನರ ನಂಬಿಕೆ. ಉರ್ದುವಿನಲ್ಲಿ ಅಪ್ಪಣೆ ಕೊಡುವವನೆಂಬ ಅರ್ಥದ ‘ಆಮಿರ್’. ಕನ್ನಡಕ್ಕೂ ‘ನಿರಂಕುಶ ಪ್ರಭು’ವೆಂಬ ಚೆಲುವಾದ ಪದವಿತ್ತು: ಅಂಕುಶದ ಭಯವಿಲ್ಲದೆ ನುಗ್ಗುವ ಮದ್ದಾನೆಯ ಚಿತ್ರ ಅದರಲ್ಲಿದೆ. ಮುಸೊಲಿನಿಗೆ ಇದನ್ನೂ ಸೆರೆಗೆ ಹೋದವರಿಗೆ ಅದನ್ನೂ ಮೀಸಲಿಟ್ಟಿದ್ದರೆ ಎಷ್ಟೋ ಅನುಕೂಲವಾಗುತ್ತಿತ್ತು. ಆದರೆ ಭಾಷೆ ಯಾರ ಸಲಹೆಯನ್ನೂ ಕೇಳುವುದಿಲ್ಲ. ಕನ್ನಡದಲ್ಲಿ ಇಬ್ಬರೂ ಒಂದೇ ಚಾಪೆಯ ಮೇಲೆ ಕೂತರು.

ಎರಡು ಅರ್ಥಗಳ ಮುಖಾಮುಖಿ

ಆ ಎರಡು ಅರ್ಥಗಳು ಒಮ್ಮೆ ನಿಜವಾಗಿಯೂ ಎದುರುಬದುರು ಕುಳಿತುದುಂಟು. ಲಂಡನ್ನಿನಿಂದ ಹಿಂತಿರುಗುವಾಗ ಗಾಂಧೀಜಿಯವರು ೧೯೩೧ರ ಡಿಸೆಂಬರಿನಲ್ಲಿ ರೋಮಿನಲ್ಲಿ ಮುಸೊಲಿನಿಯನ್ನು ಕಂಡರು. ಅಲ್ಲಿಯ ‘ಜ್ಯೋರ್ನಾಲೆ ದಿತಾಲಿಯಾ’ ಎಂಬ ಪತ್ರಿಕೆ ಅವರು ತನಗೆ ಸಂದರ್ಶನ ಕೊಟ್ಟು ಮತ್ತೆ ಕಾಯಿದೆಭಂಗದ ಮಾತಾಡಿದರೆಂದು ಬರೆಯಿತು. ಗಾಂಧೀಜಿಯವರು ಅಂಥ ಸಂದರ್ಶನವನ್ನೇ ಕೊಟ್ಟಿಲ್ಲವೆಂದು ನಿರಾಕರಿಸಿದರು. ಒಂದು ತಿಂಗಳು ತುಂಬುವುದರೊಳಗೆ ಅವರು ಯೆರವಡಾ ಸೆರೆಮನೆಯಲ್ಲಿದ್ದರು.

ಕಾಂಗ್ರೆಸ್ಸಿನ ಡಿಕ್ಟೇಟರ್ ಪದ್ಧತಿಯೂ ಬಹುಕಾಲ ಬಾಳಲಿಲ್ಲ. ೧೯೩೩ರ ಜುಲೈಯಲ್ಲಿ ಪುಣೆಯಲ್ಲಿ ಸಮಾಲೋಚನೆ ನಡೆದು, ಹಂಗಾಮಿ ಅಧ್ಯಕ್ಷ ಮಾಧವ ಶ್ರೀಹರಿ ಅಣೆಯವರು ಸಾಮೂಹಿಕ ಕಾಯಿದೆಭಂಗವನ್ನು ನಿಲ್ಲಿಸಿದರು. ೧೯೩೪ರಲ್ಲಿ ಚಳವಳಿಯೇ ಮುಗಿಯಿತು. ಸಮಿತಿಗಳು ಮತ್ತೆ ಬಹಿರಂಗವಾಗಿ ಸೇರತೊಡಗಿದುವು. ಬರುವ ಹೊತ್ತಿಗೆ ಬಂದು ಹೋಗುವ ಹೊತ್ತಿಗೆ ಹೋಯಿತೆಂದು ಇಷ್ಟಕ್ಕೇ ತೃಪ್ತರಾಗಬಹುದಿತ್ತು. ಆದರೆ ೧೯೩೩ರಲ್ಲಿ ಹಿಟ್ಲರನು ಜರ್ಮನಿಯ ಗದ್ದುಗೆಯೇರಿದ್ದನು, ಮತ್ತು ಅವನು ಆರು ತಿಂಗಳಿಗೆ ಬಂದವನಾಗಿರಲಿಲ್ಲ.

ಪದದ ಒಳಗೆ ವಿಷವೇರುತ್ತಿರುವುದನ್ನು ನಮ್ಮಲ್ಲಿ ಮೊದಲು ಗುರುತಿಸಿದವರ ಪೈಕಿ ಜವಾಹರಲಾಲ ನೆಹರೂ ಒಬ್ಬರು. ಪತ್ನಿ ಕಮಲಾರವರು ೧೯೩೬ರ ಫೆಬ್ರುವರಿಯಲ್ಲಿ ಸ್ವಿಟ್ಸರ್ಲೆಂಡಿನಲ್ಲಿ ತೀರಿಕೊಂಡ ಮೇಲೆ, ವಿಮಾನದಲ್ಲಿ ರೋಮಿನ ಮೂಲಕ ಹಿಂತಿರುಗುವಾಗ, ಮುಸೊಲಿನಿಯ ಕಡೆಯವರು ಎಷ್ಟು ಒತ್ತಾಯಿಸಿದರೂ ಅವರು ಅವನನ್ನು ಕಾಣಲು ಒಪ್ಪಲಿಲ್ಲ. ಮರುವರ್ಷ ನವೆಂಬರಿನಲ್ಲಿ ಕಲ್ಕತ್ತೆಯ ‘ಮಾಡರ್ನ್ ರಿವ್ಯೂ’ ಪತ್ರಿಕೆಯಲ್ಲಿ ‘ಚಾಣಕ್ಯ’ ಎಂಬ ಹೆಸರಿನವರು ಬರೆದ ಲೇಖನವೊಂದು ಹೊರಬಂದಿತು. ಜವಾಹರಲಾಲರ ಜನಪ್ರಿಯತೆ, ಹಟ, ಅಸಹನೆ ಇವನ್ನೆಲ್ಲ ಎಣಿಸಿ, ಈ ಮನುಷ್ಯನಲ್ಲಿ ಡಿಕ್ಟೇಟರನಾಗುವ ಸಾಮಗ್ರಿಯೆಲ್ಲ ಇದೆ, ಇವನನ್ನು ಮತ್ತೆ ಅಧ್ಯಕ್ಷನನ್ನಾಗಿ ಮಾಡಬೇಡಿರೆಂದು ಅದು ಎಚ್ಚರಿಸಿತ್ತು. ಓದಿದವರು ಯಾರೀ ಚಾಣಕ್ಯನೆಂದು ತಲೆ ಕೆಡಿಸಿಕೊಂಡರು. ಬರೆದವರು ಜವಾಹರಲಾಲರೇ ಎಂಬುದು ಆಮೇಲೆ ತಿಳಿಯಿತು. ಐದು ವರ್ಷಗಳ ಹಿಂದೆ ಹೂಮಾಲೆಯೊಡನೆ ಉಚ್ಚರಿಸುತ್ತಿದ್ದ ಪದ ಈಗ ತನ್ನನ್ನೇ ತಾನು ಬೆದರಿಸಿಕೊಳ್ಳಲು ಬಳಸುವ ಪದವಾಗಿತ್ತು. ೧೯೩೭ರಲ್ಲೇ ಸ್ಟೂಡಿಬೇಕರ್ ಕಂಪನಿಯೂ ತನ್ನ ‘ಡಿಕ್ಟೇಟರ್’ ಕಾರನ್ನು ನಿಲ್ಲಿಸಿ, ಆ ಜಾಗಕ್ಕೆ ‘ಕಮಾಂಡರ್’ ಎಂಬ ಹೆಸರನ್ನು ತಂದಿತು. ವ್ಯಾಪಾರಿಗಳ ಮೂಗು ಬಹಳ ಚುರುಕು.

ಆದರೂ ಕನ್ನಡ ಸೀಮೆಯಲ್ಲಿ ಹಳೆಯ ಅರ್ಥ ಇನ್ನೊಮ್ಮೆ ತಲೆಯೆತ್ತಿತು. ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಧಾರ್ಮಿಕ ಸ್ವಾತಂತ್ರ್ಯವನ್ನು ಕೇಳಿ ಆರ್ಯಸಮಾಜದವರು ೧೯೩೯ರಲ್ಲಿ ಸತ್ಯಾಗ್ರಹ ಹೂಡಿದರು. ಬುಡ ಸೊಲ್ಲಾಪುರದಲ್ಲಿ. ಸತ್ಯಾಗ್ರಹಿಗಳನ್ನು ಕರೆದೊಯ್ಯುವ ಮುಖಂಡರಿಗೆ ಅವರು ಇಟ್ಟ ಅಧಿಕೃತ ಹೆಸರೇ ‘ಸರ್ವಾಧಿಕಾರಿ’. ಮೊದಲನೆಯ ಸರ್ವಾಧಿಕಾರಿ ಮಹಾತ್ಮಾ ನಾರಾಯಣಸ್ವಾಮಿಗಳು ನಮ್ಮ ಕಲಬುರ್ಗಿಯ ಸೆರೆಮನೆಯನ್ನು ಕಂಡರು. ಅವರ ಹಿಂದೆ ಒಬ್ಬರಾದ ಮೇಲೊಬ್ಬರಂತೆ ಇತರ ಸರ್ವಾಧಿಕಾರಿಗಳು ಹೊರಟರು. ಆಗಸ್ಟಿನಲ್ಲಿ ಆ ಸತ್ಯಾಗ್ರಹ ನಿಂತಿತು. ಸೆಪ್ಟೆಂಬರ್ ೧ರಂದು ಹಿಟ್ಲರನ ಸೈನ್ಯ ಪೋಲೆಂಡಿಗೆ ನುಗ್ಗಿತು. ೧೯೪೦ರಲ್ಲಿ ಚಾರ್ಲಿ ಚಾಪ್ಲಿನ್ನನು ಡಿಕ್ಟೇಟರನ ಮೀಸೆಯನ್ನು ಜಗತ್ತಿನ ಬೆಳ್ಳಿತೆರೆಯ ಮೇಲೆ ನಗೆಪಾಟಲು ಮಾಡಿದನು. ಆಮೇಲೆ ಆ ಪದವನ್ನು ಹೆಮ್ಮೆಯಿಂದ ಹೆಗಲಿಗೇರಿಸಿಕೊಳ್ಳುವ ಸತ್ಯಾಗ್ರಹಿ ಸಿಗುವುದು ಕಷ್ಟವಾಯಿತು.

ಈಗ ಕನ್ನಡದಲ್ಲಿ ಹಳೆಯ ಮರ್ಯಾದೆಯೆಲ್ಲ ಪಕ್ಕದ ಮನೆಯ ‘ಸರ್ವಾಧ್ಯಕ್ಷ’ನ ಪಾಲಾಗಿದೆ. ಸಾಹಿತ್ಯ ಸಮ್ಮೇಳನದ ಸರ್ವಾಧ್ಯಕ್ಷರನ್ನು ರಥದಲ್ಲಿ ಕೂರಿಸಿ ಮೆರವಣಿಗೆ ಮಾಡುತ್ತೇವೆ. ಅವರನ್ನು ಬಾಯಿತಪ್ಪಿ ಸರ್ವಾಧಿಕಾರಿಗಳೆಂದರೆ ಸಭೆ ಗೊಳ್ಳೆಂದೀತು. ನಡುವೆ ಇರುವುದು ಎರಡು ಮೂರು ಅಕ್ಷರಗಳ ಅಂತರ!

ಇದು ಪಂಡಿತರ ಚರ್ಚೆಗೆ ಬಿಟ್ಟುಬಿಡುವ ವಿಷಯವಲ್ಲ. ಬೆಳಗಾವಿ, ಧಾರವಾಡ, ಕಾರವಾರ ಜಿಲ್ಲೆಗಳಲ್ಲಿ ಸ್ವಾತಂತ್ರ್ಯಯೋಧರ ಮನೆತನಗಳು ಹಲವಿವೆ. ಅಟ್ಟದ ಮೇಲಿನ ಟ್ರಂಕಿನಲ್ಲಿ ಹಳೆಯ ಪತ್ರಿಕೆಯ ತುಣುಕೋ ಕೋರ್ಟಿನ ಕಾಗದವೋ ಸಿಕ್ಕಿ, ಅದರಲ್ಲಿ ಅಜ್ಜನ ಹೆಸರಿನ ಮುಂದೆ ‘ತಾಲೂಕಿನ ಡಿಕ್ಟೇಟರ್’ ಎಂದಿರುವುದನ್ನು ಮೊಮ್ಮಗಳು ಓದಿದಳೆಂದುಕೊಳ್ಳಿ. ಆಕೆಗೆ ಶಾಲೆಯಲ್ಲಿ ಕಲಿಸಿದ ಅರ್ಥ ಒಂದೇ. ಅಜ್ಜ ಊರಿಗೆ ಉಪದ್ರವ ಕೊಟ್ಟವನೋ ಎಂದು ಆಕೆ ಅಂಜಿ ಆ ಕಾಗದವನ್ನು ಮಡಿಸಿಟ್ಟರೆ ತಪ್ಪು ಆಕೆಯದಲ್ಲ. ಸ್ಮರಣಸಂಚಿಕೆಗಳನ್ನು ಅಚ್ಚು ಹಾಕಿಸುವವರು ಇಂಥಲ್ಲಿ ಡಿಕ್ಟೇಟರ್ ಎಂಬುದನ್ನು ತೆಗೆದು ‘ಅಧ್ಯಕ್ಷ’ ಎಂದು ತಿದ್ದಲು ಆಸೆಪಡುವುದು ಸಹಜ. ಆ ತಿದ್ದುಪಡಿ ಒಳ್ಳೆಯ ಮನಸ್ಸಿನದಾದರೂ ಅಜ್ಜನಿಗೆ ಅನ್ಯಾಯವೇ ಸರಿ. ಅಧ್ಯಕ್ಷನಾಗಿ ಕುರ್ಚಿಯಲ್ಲಿ ಕೂರುವುದು ಬೇರೆ. ಹಿಂದಿನವನನ್ನು ಬೆಳಗ್ಗೆ ಹಿಂಡಲಗಿಯ ಸೆರೆಮನೆಗೆ ಒಯ್ದರೆಂದು ಕೇಳಿ ಸಂಜೆಗೆ ಅವನ ಸ್ಥಾನವನ್ನು ಒಪ್ಪಿಕೊಳ್ಳುವುದು ಬೇರೆ. ಪದವನ್ನು ಇದ್ದಂತೆಯೇ ಇಟ್ಟು, ಕೆಳಗೆ ಎರಡು ಸಾಲಿನ ವಿವರಣೆ ಕೊಟ್ಟರೆ ಸಾಕು.

ಜೊತೆಗೆ ಇನ್ನೊಂದನ್ನೂ ಮುಚ್ಚಿಡಬಾರದು. ಸಮಿತಿಗಳು ಸಭೆ ಸೇರದೆ, ಮತ ಎಣಿಸದೆ, ಒಬ್ಬನ ಮಾತಿನಂತೆ ನಡೆದ ಆ ತಿಂಗಳುಗಳು ಸರಕಾರದ ದಬ್ಬಾಳಿಕೆಯಿಂದ ಬಂದುವೆಂಬುದು ನಿಜ. ಆದರೂ ಒಬ್ಬನ ಕೈಗೆ ಎಲ್ಲವನ್ನೂ ಕೊಟ್ಟು ನಿಶ್ಚಿಂತರಾಗಿರುವ ಅಭ್ಯಾಸ ಜನಕ್ಕೆ ಬಹಳ ಬೇಗ ರುಚಿಸುತ್ತದೆಂಬುದನ್ನು ಚಾಣಕ್ಯನ ಹೆಸರಿನಲ್ಲಿ ಬರೆದವರು ತಮ್ಮ ಸ್ವಂತ ಮೆರವಣಿಗೆಗಳಲ್ಲೇ ಕಂಡಿದ್ದರು.

ಗಂಗಾಧರರಾಯರು ಚಳವಳಿ ಮುಗಿದ ಮೇಲೆ ಹುದಲಿಗೆ, ಚರಕಕ್ಕೆ, ಖಾದಿಯ ಕೆಲಸಕ್ಕೆ ಹಿಂತಿರುಗಿದರು. ೧೯೩೭ರಲ್ಲಿ ಗಾಂಧಿ ಸೇವಾ ಸಂಘದ ಸಮ್ಮೇಳನ ಆ ಹಳ್ಳಿಯಲ್ಲೇ ನೆರೆದಾಗ ಗಾಂಧೀಜಿಯವರು ಅಲ್ಲಿಗೆ ಬಂದು ಕೆಲವು ದಿನ ತಂಗಿದ್ದರು. ದೇಶ ಸ್ವತಂತ್ರವಾದುದನ್ನೂ ೧೯೫೬ರಲ್ಲಿ ಕನ್ನಡನಾಡು ಒಂದಾದುದನ್ನೂ ಕಣ್ಣಾರೆ ಕಂಡು, ಗಂಗಾಧರರಾಯರು ೧೯೬೦ರ ಜುಲೈಯಲ್ಲಿ ಕಾಲವಾದರು. ಆ ವೇಳೆಗಾಗಲೇ ಕನ್ನಡ ಪತ್ರಿಕೆಗಳು ಸರ್ವಾಧಿಕಾರಿ ಎಂಬ ಪದವನ್ನು ಸ್ಪೇನಿನ ಫ್ರಾಂಕೋ, ಪೋರ್ಚುಗಲ್ಲಿನ ಸಲಜಾರರಂಥವರ ಸುದ್ದಿಗೆ ಮೀಸಲಿಟ್ಟಿದ್ದುವು.